ಊರು ಕಡಿಮೆ ಇರಲಿ, ರಾತ್ರಿ ಜಾಸ್ತಿ ಇರಲಿ

ಬೇಸಿಗೆ ರಜೆಗೆ ಮಕ್ಕಳು, ಅಜ್ಜ–ಅಜ್ಜಿ ಎಲ್ಲರನ್ನೂ ಕರೆದುಕೊಂಡು ಯೂರೋಪಿಗೆ ಹೋಗಬೇಕು, ಅಲ್ಲಿ ಊರಿಂದ ಊರಿಗೆ ರೈಲಿನಲ್ಲೇ ಸುತ್ತಬೇಕು ಎನ್ನುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ದಾವಣಗೆರೆಯ ಒಂದು ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ಅವರಿಗಿರುವ ಗೊಂದಲವೇ ಉಳಿದ ಪತ್ರಗಳಲ್ಲೂ ಇತ್ತು.

ಪ್ರಶ್ನೆ: ನಾವು ಆರು ಜನ. ನಾನು, ಯಜಮಾನರು, 13 ವರ್ಷದ ಮಗಳು, 8 ವರ್ಷದ ಮಗ, ಜೊತೆಗೆ ಅತ್ತೆ–ಮಾವ. ಅವರಿಬ್ಬರಿಗೂ 68 ದಾಟಿದೆ. ಮೇ ತಿಂಗಳಲ್ಲಿ 16 ದಿನ ಹೊಂದಿಸಿಕೊಂಡಿದ್ದೇವೆ. ಆಮ್‌ಸ್ಟರ್‌ಡ್ಯಾಂ, ಬ್ರಸೆಲ್ಸ್, ಪ್ಯಾರಿಸ್, ಜ್ಯೂರಿಕ್, ಇಂಟರ್‌ಲಾಕೆನ್, ವೆನಿಸ್, ಫ್ಲಾರೆನ್ಸ್, ರೋಮ್ ನೋಡಬೇಕು ಅಂತ ಪಟ್ಟಿ ಮಾಡಿದ್ದೇವೆ. ಹಲವು ದೇಶಗಳ ರೈಲಿಗೆ ಒಂದೇ ಆಗಿರುವ ಯೂರೇಲ್ ಪಾಸ್ ತಗೊಂಡರೆ ಎಲ್ಲ ಸಲೀಸು ಅಂತ ನನ್ನ ತಮ್ಮ ಹೇಳುತ್ತಾನೆ. ನಿಜವಾ? ವೀಸಾಕ್ಕೆ ಯಾವ ದೇಶದಲ್ಲಿ ಅರ್ಜಿ ಹಾಕಬೇಕು?
— ಓದುಗರು, ದಾವಣಗೆರೆ

ಉತ್ತರ: ಪಾಸ್ ವಿಷಯ ಆಮೇಲೆ ನೋಡೋಣ. ಮೊದಲು ಆ ಪಟ್ಟಿ. 16 ದಿನದಲ್ಲಿ ಹೋಗಿಬರುವ ವಿಮಾನಕ್ಕೇ ಎರಡು ದಿನ ಹೋಯಿತು. ಉಳಿದದ್ದು 14 ರಾತ್ರಿ. ಎಂಟು ಊರು ಅಂದರೆ ಏಳು ಸಲ ಗಂಟುಮೂಟೆ ಕಟ್ಟಬೇಕು. ಊರು ಬದಲಾಯಿಸುವ ದಿನ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ. ಬೆಳಗ್ಗೆ ಆರು ಜನ ಸ್ನಾನ ಮಾಡಿ, ಬಟ್ಟೆ ಮಡಚಿ, ಹನ್ನೊಂದರೊಳಗೆ ರೂಮು ಬಿಡಬೇಕು, ಸ್ಟೇಷನ್ ಹುಡುಕಬೇಕು, ರೈಲು ಎರಡೇ ಗಂಟೆಯದ್ದಾದರೂ ಇಳಿದ ಮೇಲೆ ಹೊಸ ಊರಿನ ಬಸ್ಸು, ಟ್ರ್ಯಾಮು ಅರ್ಥ ಮಾಡಿಕೊಂಡು ಹೋಟೆಲ್ ಸೇರಬೇಕು, ಅಲ್ಲಿ ಮೂರು ಗಂಟೆಗೆ ಮೊದಲು ಸಾಮಾನ್ಯವಾಗಿ ರೂಮು ಕೊಡುವುದಿಲ್ಲ. ಅರ್ಧ ದಿನ ಹೋಯಿತು. ಏಳು ಸಲ ಹೀಗಾದರೆ ಮೂರೂವರೆ ದಿನ ಬರೀ ಸಾಮಾನು ಹೊತ್ತಿದ್ದೇ ಆಯಿತು, ಅಲ್ವಾ?

ನಾನು ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ಅಮ್ಮನನ್ನು ಕರೆದುಕೊಂಡು 12 ದಿನಕ್ಕೆ ಏಳು ಊರು ಸುತ್ತಿದೆವು. ಆರನೇ ಊರಿನ ಸ್ಟೇಷನ್‌ನಲ್ಲಿ ಅಮ್ಮ ಸೂಟ್‌ಕೇಸ್ ಮೇಲೆ ಕೂತು "ಇದು ಯಾವ ಊರೇ?" ಅಂದರು. ತಮಾಷೆಗೆ ಕೇಳಿದ್ದಲ್ಲ. ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅಮ್ಮ ಇವತ್ತಿಗೂ ಮಾತಾಡುವುದು ಆ ಪ್ರವಾಸದಲ್ಲಿ ನಾವು ಮೂರು ರಾತ್ರಿ ತಂಗಿದ್ದ ಒಂದೇ ಒಂದು ಊರಿನ ಬಗ್ಗೆ. ಅಲ್ಲಿನ ಬೇಕರಿಯವಳು ಎರಡನೇ ದಿನ ಅಮ್ಮನ ಗುರುತು ಹಿಡಿದು ನಕ್ಕಿದ್ದಳು.

ಹಾಗಾಗಿ ಆಮ್‌ಸ್ಟರ್‌ಡ್ಯಾಂ, ಬ್ರಸೆಲ್ಸ್ ಈ ಸಲ ಬಿಡಿ. ಜ್ಯೂರಿಕ್‌ನಲ್ಲಿ ತಂಗುವ ಅಗತ್ಯವೇ ಇಲ್ಲ. ಪ್ಯಾರಿಸ್ ನಾಲ್ಕು ರಾತ್ರಿ, ಇಂಟರ್‌ಲಾಕೆನ್ ನಾಲ್ಕು, ವೆನಿಸ್ ಎರಡು, ರೋಮ್ ನಾಲ್ಕು. ಒಟ್ಟು 14. ಫ್ಲಾರೆನ್ಸ್ ಬಿಡಬೇಕಾಗಿಲ್ಲ. ವೆನಿಸ್‌ನಿಂದ ರೋಮ್‌ಗೆ ಹೋಗುವ ದಾರಿಯಲ್ಲೇ ಅದು ಸಿಗುತ್ತದೆ. ಬೆಳಗ್ಗೆ ಹೊರಟರೆ ಎರಡು ಗಂಟೆ ಚಿಲ್ಲರೆಯಲ್ಲಿ ಫ್ಲಾರೆನ್ಸ್. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್‌ನಲ್ಲಿ ಲಗೇಜ್ ಇಡುವ ಜಾಗವಿದೆ, ದೊಡ್ಡ ಗುಮ್ಮಟದ ಚರ್ಚ್‌ಗೆ ಅಲ್ಲಿಂದ ಹತ್ತೇ ನಿಮಿಷದ ನಡಿಗೆ. ಸಂಜೆ ಒಂದೂವರೆ ಗಂಟೆಯ ರೈಲು ಹಿಡಿದರೆ ರೋಮ್. ವಿಮಾನ ಟಿಕೆಟ್ ತೆಗೆಯುವಾಗ ಹೋಗುವುದು ಪ್ಯಾರಿಸ್‌ಗೆ, ವಾಪಸ್ ಬರುವುದು ರೋಮ್‌ನಿಂದ ಅಂತ ತೆಗೆಯಿರಿ. ಬುಕ್ ಮಾಡುವ ಕಡೆ 'ಮಲ್ಟಿ ಸಿಟಿ' ಅಂತ ಆಯ್ಕೆ ಇರುತ್ತದೆ. ಎಷ್ಟೋ ಜನ ಹೋದ ಊರಿಂದಲೇ ವಾಪಸ್ ಟಿಕೆಟ್ ತೆಗೆದು, ಕೊನೆಗೆ ಬಂದ ದಾರಿಯಲ್ಲೇ ಸುಮ್ನೆ ಒಂದು ದಿನ ಹಿಂದಕ್ಕೆ ಹೋಗುತ್ತಾರೆ.

ವೀಸಾಕ್ಕೆ ಬರೋಣ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಮೂರೂ ಒಂದೇ ವೀಸಾ ನಡೆಯುವ ಷೆಂಗೆನ್ ಅನ್ನುವ ದೇಶಗಳ ಗುಂಪಿನೊಳಗೇ ಬರುತ್ತವೆ, ಹಾಗಾಗಿ ಒಂದೇ ವೀಸಾ ಸಾಕು. ಮೊದಲು ಇಳಿಯುವ ದೇಶಕ್ಕೇ ಅರ್ಜಿ ಹಾಕಬೇಕು ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಜಾಸ್ತಿ ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೆ ಹಾಕಬೇಕು. ರಾತ್ರಿಗಳು ಸಮ ಆದಾಗ ಮಾತ್ರ ಮೊದಲು ಇಳಿಯುವ ದೇಶ. ಮೇಲಿನ ಲೆಕ್ಕದಲ್ಲಿ ಇಟಲಿಗೆ ಆರು ರಾತ್ರಿ ಬರುತ್ತದೆ, ಹಾಗಾಗಿ ಪ್ಯಾರಿಸ್‌ನಲ್ಲಿ ಇಳಿದರೂ ನಿಮ್ಮ ಅರ್ಜಿ ಇಟಲಿಗೆ. ಶುಲ್ಕ ಜೂನ್ 2024ರಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಮಗನಿಗೆ ಅರ್ಧ, ಮಗಳಿಗೆ ಪೂರ್ತಿ. ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ವಾಪಸ್ ಬಂದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟವಾದರೂ ಖಾಲಿ ಇರಬೇಕು. ಅತ್ತೆ–ಮಾವನ ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ. ನಮ್ಮಲ್ಲಿ ಹಿರಿಯರ ಪಾಸ್‌ಪೋರ್ಟ್ ಬೀರುವಿನಲ್ಲೇ ಅವಧಿ ಮುಗಿಸಿರುತ್ತದೆ.

ಇಲ್ಲಿ ಒಂದು ಇಕ್ಕಟ್ಟಿದೆ. ಅಗ್ಗದ ರೈಲು ಟಿಕೆಟ್ ಬೇಕಾದರೆ ಬೇಗ ತೆಗೆಯಬೇಕು. ಆದರೆ ಅಗ್ಗದ ಟಿಕೆಟ್‌ಗೆ ಸಾಮಾನ್ಯವಾಗಿ ದುಡ್ಡು ವಾಪಸ್ ಇಲ್ಲ. ವೀಸಾ ಕೈಗೆ ಬರುವ ಮೊದಲು ಆರು ಜನರ ದುಡ್ಡು ಅದರಲ್ಲಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ದಾರಿ ಒಂದೇ, ವೀಸಾ ಅರ್ಜಿಯನ್ನೇ ಮುಂಚೆ ಹಾಕುವುದು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಹಾಕಬಹುದು. ಮೇ ತಿಂಗಳಿಗೆ ಹೋಗುವವರು ಜನವರಿಯಲ್ಲೇ ಬೆಂಗಳೂರಿನ ಕೇಂದ್ರದಲ್ಲಿ ಸಮಯ ಗೊತ್ತು ಮಾಡಿಕೊಳ್ಳಿ, ಮಾರ್ಚ್ ಬಂದರೆ ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ. ಅರ್ಜಿ ಜೊತೆ ತೋರಿಸಲು ದುಡ್ಡು ಕಳೆಯದೆ ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಇಟ್ಟುಕೊಳ್ಳಿ. ವೀಸಾ ಬಂದ ದಿನವೇ ರೈಲು ಟಿಕೆಟ್‌ಗೆ ಕೂರಿ.

ನಮ್ಮಲ್ಲಿ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಅಲ್ಲಿನ ವೇಗದ ರೈಲುಗಳಿಗೆ ಸಾಮಾನ್ಯವಾಗಿ ಮೂರು–ನಾಲ್ಕು ತಿಂಗಳು ಮೊದಲೇ. ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ತತ್ಕಾಲ್ ಇಲ್ಲ. ವಿಮಾನದ ಹಾಗೆ ದಿನ ಹೋದಂತೆ ದರ ಏರುತ್ತದೆ. ಕೊನೆಯ ದಿನವೂ ಸೀಟು ಸಿಗಬಹುದು, ಆದರೆ ಆ ರೇಟು ಕೇಳಿದರೆ ಎದೆ ಧಸಕ್ ಅನ್ನುತ್ತದೆ.

ಈಗ ನಿಮ್ಮ ತಮ್ಮ ಹೇಳಿದ ಪಾಸ್. ಯೂರೇಲ್ ಒಳ್ಳೆಯದೇ, 33 ದೇಶಗಳಲ್ಲಿ ನಡೆಯುತ್ತದೆ. 4ರಿಂದ 11 ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ, 60 ದಾಟಿದವರಿಗೆ ಶೇ 10 ರಿಯಾಯಿತಿ. ಆದರೆ ಫ್ರಾನ್ಸ್ ಮತ್ತು ಇಟಲಿಯ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು, ಮಕ್ಕಳಿಗೂ ಸೇರಿ. ಇಟಲಿಯ ಇಟಾಲೊ ಅನ್ನುವ ಖಾಸಗಿ ಕಂಪನಿಯ ರೈಲುಗಳಲ್ಲಿ ಆ ಪಾಸ್ ನಡೆಯುವುದೇ ಇಲ್ಲ. ನಿಮಗೆ ದೊಡ್ಡ ಪ್ರಯಾಣ ಇರುವುದು ಮೂರೇ ದಿನ. ಪಾಸ್ ದುಡ್ಡು ಹುಟ್ಟಬೇಕಾದರೆ ದಿನ ಬಿಟ್ಟು ದಿನ ದೂರದ ರೈಲು ಹತ್ತುತ್ತಿರಬೇಕು, ಯಾವ ದಿನ ಎಲ್ಲಿಗೆ ಅಂತ ಗೊತ್ತಿಲ್ಲದವರಾಗಿರಬೇಕು. ನಿಮಗೆ ಅದು ಬೇಡ. ಫ್ರಾನ್ಸ್, ಇಟಲಿಗೆ ಬಿಡಿ ಟಿಕೆಟ್ ಮುಂಚೆಯೇ ತೆಗೆಯಿರಿ, ಸ್ವಿಟ್ಜರ್ಲೆಂಡ್‌ಗೆ ಮಾತ್ರ ನಾಲ್ಕು ದಿನದ ಸ್ವಿಸ್ ಟ್ರಾವೆಲ್ ಪಾಸ್ ತಗೊಳ್ಳಿ. ಅದರಲ್ಲಿ ರೈಲು, ಬಸ್ಸು, ಸರೋವರದ ದೋಣಿ ಎಲ್ಲ ಸೇರಿರುತ್ತದೆ. ತಗೊಳ್ಳುವಾಗ ಸ್ವಿಸ್ ಫ್ಯಾಮಿಲಿ ಕಾರ್ಡ್ ಬೇಕು ಅಂತ ಕೇಳಿ, ಅದಕ್ಕೆ ದುಡ್ಡಿಲ್ಲ, 6ರಿಂದ 15 ವರ್ಷದ ಮಕ್ಕಳು ಅಪ್ಪ ಅಥವಾ ಅಮ್ಮನ ಜೊತೆ ಉಚಿತವಾಗಿ ಓಡಾಡಬಹುದು. ನಿಮ್ಮ ಮಗಳಿಗೂ ಆಯಿತು, ಮಗನಿಗೂ ಆಯಿತು. ಅಜ್ಜ–ಅಜ್ಜಿಯ ಜೊತೆ ಮಾತ್ರ ಕಳಿಸಿದರೆ ಆ ಕಾರ್ಡ್ ನಡೆಯುವುದಿಲ್ಲ, ನೆನಪಿರಲಿ.

ದಾರಿ ಹೇಳುತ್ತೇನೆ. ಪ್ಯಾರಿಸ್‌ನಲ್ಲಿ ದೊಡ್ಡ ಸ್ಟೇಷನ್‌ಗಳು ಹಲವಾರಿವೆ, ಒಂದೊಂದು ದಿಕ್ಕಿಗೆ ಒಂದೊಂದು. ಸ್ವಿಟ್ಜರ್ಲೆಂಡ್ ಕಡೆಗೆ ಹೋಗುವ ರೈಲು ಗಾರ್ ದ ಲಿಯೋಂನಿಂದ. ಬಾಸೆಲ್‌ಗೆ ಸುಮಾರು ಮೂರು ಗಂಟೆ, ಅಲ್ಲಿ ರೈಲು ಬದಲಿಸಿ ಇನ್ನೆರಡು ಗಂಟೆಗೆ ಇಂಟರ್‌ಲಾಕೆನ್. ಅಲ್ಲಿಂದ ವೆನಿಸ್‌ಗೆ ಹೋಗುವ ದಿನವೇ ಎಲ್ಲಕ್ಕಿಂತ ಉದ್ದ. ಇಪ್ಪತ್ತು ನಿಮಿಷದಲ್ಲಿ ಸ್ಪೀಟ್ಸ್, ಅಲ್ಲಿ ಮಿಲಾನ್ ರೈಲು ಹತ್ತಬೇಕು. ಅದು ಮೊದಲು 34 ಕಿಲೋಮೀಟರ್ ದಾಟುವ ಲೋಟ್ಶ್‌ಬರ್ಗ್ ಸುರಂಗ, ಆಮೇಲೆ 1906ರಲ್ಲೇ ಶುರುವಾದ ಸುಮಾರು 20 ಕಿಲೋಮೀಟರ್‌ನ ಸಿಂಪ್ಲಾನ್ ಸುರಂಗ ದಾಟಿ ಇಟಲಿಗೆ ಇಳಿಯುತ್ತದೆ. ಸುರಂಗದ ಆಚೆ ಸ್ವಲ್ಪ ಹೊತ್ತಿಗೇ ಮಜೋರೆ ಸರೋವರ ಕಾಣಿಸುತ್ತದೆ, ಮಕ್ಕಳನ್ನು ಎಬ್ಬಿಸಿ ತೋರಿಸಿ. ಮಿಲಾನ್‌ನಿಂದ ವೆನಿಸ್ ಎರಡೂವರೆ ಗಂಟೆ. ಎಲ್ಲ ಸೇರಿ ಆರೂವರೆ–ಏಳು ಗಂಟೆ ಅಂತ ಇಟ್ಟುಕೊಳ್ಳಿ. ಎರಡು ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ಮಿಲಾನ್‌ನಲ್ಲಿ ಒಂದು ಗಂಟೆಗಿಂತ ಜಾಸ್ತಿಯೇ ಬಿಡುವು ಇಡಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆರು ಜನರ ಹೊಸ ಟಿಕೆಟ್ ನಿಮ್ಮ ತಲೆಗೇ ಬರಬಹುದು. ವೆನಿಸ್‌ಗೆ ಎರಡು ಸ್ಟೇಷನ್ ಇವೆ. ಮೆಸ್ತ್ರೆ ದಡದ ಮೇಲೆ, ಸಾಂತಾ ಲುಚಿಯಾ ದ್ವೀಪದ ಮೇಲೆ. ನೀರಿನ ಊರು ನೋಡಬೇಕಾದರೆ ಸಾಂತಾ ಲುಚಿಯಾದಲ್ಲೇ ಇಳಿಯಬೇಕು. ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ದೊಡ್ಡ ಕಾಲುವೆ.

ಈಗ ಸಾಮಾನು. ಅಲ್ಲಿ ಕೂಲಿಯವರು ಸಿಗುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ. ತನ್ನ ಪೆಟ್ಟಿಗೆಯನ್ನು ತಾನೇ ಎತ್ತಿ ರೈಲಿನ ಮೆಟ್ಟಿಲು ಹತ್ತಿಸಬೇಕು. ಆದ್ದರಿಂದ ಎರಡು ದೊಡ್ಡ ಪೆಟ್ಟಿಗೆಗಿಂತ ಆರು ಸಣ್ಣ ಪೆಟ್ಟಿಗೆ ಮೇಲು. ಅತ್ತೆ–ಮಾವನದ್ದನ್ನು ಎತ್ತುವವರು ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿ. ವೆನಿಸ್‌ನಲ್ಲಿ ಹೋಟೆಲ್ ಆರಿಸುವಾಗ ಸ್ಟೇಷನ್‌ನಿಂದ ಎಷ್ಟು ಸೇತುವೆ ದಾಟಬೇಕು ಅಂತ ಕೇಳಿ, ಪ್ರತಿ ಸೇತುವೆಗೂ ಮೆಟ್ಟಿಲು ಇರುತ್ತದೆ ಅಂತಲೇ ಲೆಕ್ಕ ಹಾಕಿ. ಫ್ರಾನ್ಸಿನ ವೇಗದ ರೈಲಿನಲ್ಲಿ ಪ್ರತಿ ಪೆಟ್ಟಿಗೆಯ ಮೇಲೂ ಹೆಸರಿನ ಚೀಟಿ ಇರಲೇಬೇಕು. ಅಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಹೊರಡಲು ಸುಮಾರು ಇಪ್ಪತ್ತು ನಿಮಿಷ ಇರುವಾಗ ಬೋರ್ಡಿನಲ್ಲಿ ಬರುತ್ತದೆ, ಬಾಗಿಲು ಎರಡು ನಿಮಿಷ ಮೊದಲೇ ಮುಚ್ಚುತ್ತದೆ. ಹೊರಟ ರೈಲಿಗೆ ಓಡಿ ಹತ್ತುವ ನಮ್ಮ ಅಭ್ಯಾಸ ಅಲ್ಲಿ ನಡೆಯದು.

ಹಿರಿಯರ ವಿಷಯ ಒಂದೆರಡು ಮಾತು. ಪ್ಯಾರಿಸ್ ಮೆಟ್ರೋದ ಬಹುಪಾಲು ಸ್ಟೇಷನ್‌ಗಳಲ್ಲಿ ಮೆಟ್ಟಿಲೇ ಗತಿ. ಮಾವನಿಗೆ ಮಂಡಿನೋವಿದ್ದರೆ ಬಸ್ಸಿನಲ್ಲಿ ಓಡಾಡಿ, ಊರೂ ಕಾಣುತ್ತದೆ. ಯುಂಗ್‌ಫ್ರಾಯೋಖ್ ಇಂಟರ್‌ಲಾಕೆನ್ ಹತ್ತಿರ ಎಲ್ಲರೂ ಹೋಗುವ ಬೆಟ್ಟದ ಜಾಗ, 3,454 ಮೀಟರ್ ಎತ್ತರಕ್ಕೆ ರೈಲು ಹೋಗುವುದು ನಿಜಕ್ಕೂ ದೊಡ್ಡ ವಿಷಯ. ಆದರೆ ಅಷ್ಟು ಎತ್ತರ ಹೃದಯದ ತೊಂದರೆ, ಬಿಪಿ ಇರುವವರಿಗೆ ಸರಿ ಹೋಗುತ್ತದೋ ಇಲ್ಲವೋ ಡಾಕ್ಟರ್ ಹತ್ತಿರ ಕೇಳಿಯೇ ಹೊರಡಿ. ಸ್ವಿಸ್ ಪಾಸ್ ಇದ್ದರೂ ಮೇಲಿನ ಭಾಗಕ್ಕೆ ರಿಯಾಯಿತಿ ಮಾತ್ರ, ದುಡ್ಡು ಕೊಡಬೇಕು. ನೀವು ನಾಲ್ವರು ಮೇಲೆ ಹೋದ ದಿನ ಅವರಿಬ್ಬರು ಬ್ರಿಯೆನ್ಸ್ ಸರೋವರದಲ್ಲಿ ದೋಣಿ ಹತ್ತಲಿ, ಅದು ಪಾಸಿನಲ್ಲೇ ಇದೆ. ಇನ್ನೊಂದು ದಿನ ಎಲ್ಲರೂ ಲೌಟರ್‌ಬ್ರುನೆನ್‌ಗೆ ಹೋಗಿ. ಸ್ಟೇಷನ್‌ನಿಂದ ನಿಧಾನ ನಡೆದರೂ ಹದಿನೈದು ನಿಮಿಷದಲ್ಲಿ ಸುಮಾರು 300 ಮೀಟರ್ ಎತ್ತರದಿಂದ ಬೀಳುವ ಶ್ಟೌಬಾಖ್ ಜಲಪಾತದ ಬುಡದಲ್ಲಿರುತ್ತೀರಿ. ಅಲ್ಲಿಂದ ಮ್ಯೂರೆನ್ ಹಳ್ಳಿಗೆ ಹೋಗುವುದೂ ಪಾಸಿನಲ್ಲೇ ಸೇರಿದೆ. ಮೇ ತಿಂಗಳಲ್ಲಿ ಕೆಲವು ಕೇಬಲ್ ಕಾರ್‌ಗಳನ್ನು ರಿಪೇರಿಗೆ ನಿಲ್ಲಿಸಿರುತ್ತಾರೆ, ಹಿಂದಿನ ದಿನ ಸ್ಟೇಷನ್‌ನಲ್ಲಿ ಕೇಳಿಕೊಳ್ಳಿ.

ಇಷ್ಟೆಲ್ಲ ಮಾಡುವಾಗ ಒಂದು ದಿನಕ್ಕೆ ಯಾವ ಕಾರ್ಯಕ್ರಮವನ್ನೂ ಹಾಕಬೇಡಿ. ಬಟ್ಟೆ ಒಗೆಯಲಿಕ್ಕೆ, ಮಗನಿಗೆ ಜ್ವರ ಬಂದರೆ ಮಲಗಲಿಕ್ಕೆ, ಮಳೆ ಬಂದರೆ ಕಿಟಕಿ ಹತ್ತಿರ ಕೂರಲಿಕ್ಕೆ ಅದು ಬೇಕೇ ಬೇಕು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ವ್ಯಾಟಿಕನ್ ಮ್ಯೂಸಿಯಂ ಭಾನುವಾರ, ತಿಂಗಳ ಕೊನೆಯ ಭಾನುವಾರ ಒಂದು ಬಿಟ್ಟು. ದಿನ ಹೊಂದಿಸುವಾಗ ಇದನ್ನು ಗಮನಿಸಿ.

ಪ್ರಶ್ನೆ: ನಾನು ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಅಪ್ಪ–ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಮೂವರೂ ಒಂದೇ ಥರದ ಪಾಸ್ ತಗೊಳ್ಳಬಹುದಾ? ಜರ್ಮನಿ ಒಳಗೆ ಓಡಾಡಲು ಏನು ಮಾಡಲಿ?
— ಓದುಗರು, ಸ್ಟುಟ್‌ಗಾರ್ಟ್

ಉತ್ತರ: ನೀವು ಅಲ್ಲಿ ವಾಸ ಇರುವವರು, ಹಾಗಾಗಿ ನಿಮಗೆ ಇಂಟರ್‌ರೇಲ್. ಅಪ್ಪ–ಅಮ್ಮ ಪ್ರವಾಸಕ್ಕೆ ಬರುವವರು, ಅವರಿಗೆ ಯೂರೇಲ್. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದಕ್ಕಿಂತ ಎಲ್ಲಿ ವಾಸ ಅನ್ನುವುದು ಮುಖ್ಯ. ಹತ್ತುವ ರೈಲುಗಳು ಹೆಚ್ಚುಕಡಿಮೆ ಅವೇ, ಆದರೆ ಇಂಟರ್‌ರೇಲ್‌ನಲ್ಲಿ ನಿಮ್ಮ ವಾಸದ ದೇಶದೊಳಗೆ ಪಾಸ್ ನಡೆಯುವುದು ಹೊರಡುವ ದಿನ ಒಂದು, ವಾಪಸ್ ಬರುವ ದಿನ ಒಂದು, ಅಷ್ಟೇ.

ಅಪ್ಪ–ಅಮ್ಮನಿಗೆ ಮೊದಲೇ ಹೇಳಿ, ಜರ್ಮನಿಯಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಇದೆ ಅಂದರೆ ಸೀಟು ಇದೆ ಅಂತ ಅರ್ಥವಲ್ಲ. ನೀವು ಒಬ್ಬರೇ ಆದರೆ ನಿಂತುಕೊಂಡು ಹೋಗುತ್ತೀರಿ, ಅವರಿಬ್ಬರಿಗೆ ಆಗುವುದಿಲ್ಲ. ಐಸಿಇ ಅನ್ನುವ ವೇಗದ ರೈಲಿಗೆ ಕೆಲವು ಯೂರೋ ಜಾಸ್ತಿ ಕೊಟ್ಟು ಸೀಟು ಕಾಯ್ದಿರಿಸಿ. ಹತ್ತಿರದ ಊರುಗಳಿಗೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ, ಜನವರಿ 2026ರಿಂದ ತಿಂಗಳಿಗೆ 63 ಯೂರೋ. ಅದು ಪ್ರಾದೇಶಿಕ ರೈಲು, ಬಸ್ಸು, ಟ್ರ್ಯಾಮ್‌ಗಳಿಗೆ ಮಾತ್ರ, ಐಸಿಇಗೆ ನಡೆಯುವುದಿಲ್ಲ. ಪ್ರತಿ ತಿಂಗಳೂ ತಾನಾಗಿ ಮುಂದುವರಿಯುವ ಚಂದಾ ಅದು, ಅವರು ಊರಿಗೆ ಮರಳುವ ಮೊದಲು ನೀವೇ ಸಮಯಕ್ಕೆ ಸರಿಯಾಗಿ ರದ್ದು ಮಾಡಬೇಕು. ದೂರದ ರೈಲು ಬದಲಿಸುವಲ್ಲಿ ಆ್ಯಪ್ ತೋರಿಸುವ ಎಂಟು ನಿಮಿಷದ ಅಂತರ ನಂಬಬೇಡಿ. ಅಮ್ಮನ ನಡಿಗೆಗೆ ಅರ್ಧ ಗಂಟೆ ಇಡಿ.

ಪ್ರಶ್ನೆ: ಹೋದ ವರ್ಷ ಇಟಲಿಯಲ್ಲಿ ಲೋಕಲ್ ರೈಲಿನಲ್ಲಿ ಟಿಕೆಟ್ ಕೈಯಲ್ಲಿದ್ದರೂ ನಮಗೆ ದಂಡ ಹಾಕಿದರು. ಇದು ಮೋಸ ಅಲ್ವಾ?
— ಓದುಗರು, ಮಂಗಳೂರು

ಉತ್ತರ: ನಿಮಗಾದ ಬೇಸರ ಅರ್ಥವಾಗುತ್ತದೆ, ಯಾರೂ ಮೊದಲೇ ಹೇಳಿರುವುದಿಲ್ಲ. ಆದರೆ ಅದು ಅಲ್ಲಿನ ನಿಯಮ. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ತಗೊಂಡರೆ ಸಾಲದು, ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಹತ್ತಿರದ ಸಣ್ಣ ಮೆಷಿನ್‌ಗೆ ತೂರಿಸಿ ಸಮಯದ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೆಟ್ ಅವರ ಲೆಕ್ಕದಲ್ಲಿ ಇನ್ನೂ ಬಳಸದ ಟಿಕೆಟ್. ಸೀಟ್ ನಂಬರ್ ಇರುವ ವೇಗದ ರೈಲುಗಳಿಗೆ ಇದು ಬೇಡ. ಮೊಬೈಲ್‌ನಲ್ಲಿ ತೆಗೆದ ಪ್ರಾದೇಶಿಕ ಟಿಕೆಟ್‌ಗೂ ಹತ್ತುವ ಮೊದಲು ಅಲ್ಲೇ ಚೆಕ್–ಇನ್ ಒತ್ತಬೇಕು. ಮುದ್ರೆ ಒತ್ತುವ ಮೆಷಿನ್ ಕೆಟ್ಟಿದ್ದರೆ ಹತ್ತಿದ ತಕ್ಷಣ ನೀವೇ ಟಿಕೆಟ್ ತಪಾಸಣೆಯವರನ್ನು ಹುಡುಕಿಕೊಂಡು ಹೋಗಿ ಹೇಳಿ.

ಪ್ರಶ್ನೆ: ಪ್ಯಾರಿಸ್‌ನಿಂದ ಲಂಡನ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಯಂತೆ. ಒಂದು ದಿನ ಹೋಗಿ ಬರಬಹುದಾ?
— ಓದುಗರು, ತುಮಕೂರು

ಉತ್ತರ: ರೈಲು ಹತ್ತಿರವೇ, ವೀಸಾ ದೂರ. ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ, ಅದಕ್ಕೆ ಬೇರೆ ವೀಸಾ, ಬೇರೆ ಶುಲ್ಕ. ಮತ್ತೆ ಪ್ಯಾರಿಸ್‌ಗೆ ಬರಬೇಕಾದರೆ ನಿಮ್ಮ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅನುಮತಿ ಇರುವಂಥದ್ದಾಗಿರಬೇಕು. ಪಾಸ್‌ಪೋರ್ಟ್ ತಪಾಸಣೆ ಪ್ಯಾರಿಸ್‌ನ ಗಾರ್ ದು ನಾರ್ ಸ್ಟೇಷನ್‌ನಲ್ಲೇ ಮುಗಿಸುತ್ತಾರೆ, ಅದಕ್ಕೆ ಒಂದೂವರೆ ಗಂಟೆ ಮೊದಲೇ ಇರಬೇಕು. ಒಂದು ದಿನಕ್ಕಾಗಿ ಇಷ್ಟು ಬೇಡ. ಲಂಡನ್ ನೋಡುವ ಆಸೆ ಗಟ್ಟಿ ಇದ್ದರೆ ಪ್ರವಾಸವನ್ನು ಅಲ್ಲಿಂದಲೇ ಶುರು ಮಾಡಿ, ಮೂರು ರಾತ್ರಿ ಇದ್ದು ಆಮೇಲೆ ರೈಲಿನಲ್ಲಿ ಪ್ಯಾರಿಸ್‌ಗೆ ಬನ್ನಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದವರು. ಊಟಕ್ಕೆ ಏನು ಮಾಡುವುದು? ಪೇಡಾ, ತುಪ್ಪ, ಚಟ್ನಿಪುಡಿ ತಗೊಂಡು ಹೋಗಬಹುದಾ?
— ಓದುಗರು, ಹುಬ್ಬಳ್ಳಿ

ಉತ್ತರ: ಚಟ್ನಿಪುಡಿ, ಅವಲಕ್ಕಿ, ಖಾಕ್ರಾ, ಹುರಿದ ರವೆ ಧಾರಾಳವಾಗಿ ತಗೊಂಡು ಹೋಗಿ. ಧಾರವಾಡ ಪೇಡಾ, ಬೆಳಗಾವಿ ಕುಂದಾ, ತುಪ್ಪ ಬೇಡ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ಒಳಗೆ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟದ್ದನ್ನು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹಾಕುವಾಗ ಹೊಟ್ಟೆ ಉರಿಯುತ್ತದೆ. ಹಾಲು, ಮೊಸರು, ಬೆಣ್ಣೆ ಅಲ್ಲೇ ಚೆನ್ನಾಗಿ ಸಿಗುತ್ತದೆ, ಅದಕ್ಕೆ ಚಿಂತೆ ಇಲ್ಲ.

ಹೋಟೆಲ್ ಬದಲು ಅಡುಗೆಮನೆ ಇರುವ ಮನೆ ಹಿಡಿಯಿರಿ, ಅದರಲ್ಲೂ ಸ್ವಿಟ್ಜರ್ಲೆಂಡ್‌ನಲ್ಲಿ. ಹೊರಗೆ ಊಟ ಮಾಡಿದರೆ ಖರ್ಚು ವಿಪರೀತ. ಕೋಪ್, ಮಿಗ್ರೋಸ್ ಅನ್ನುವ ಅಂಗಡಿಗಳು ಊರೂರಲ್ಲಿವೆ, ಅಕ್ಕಿ, ತರಕಾರಿ ಎಲ್ಲ ಸಿಗುತ್ತದೆ. ನಮ್ಮ ದಪ್ಪ ಮೂರು ಪಿನ್ನಿನ ಕುಕ್ಕರ್ ಅಲ್ಲಿನ ಗೋಡೆಗೆ ಹೊಂದುವುದಿಲ್ಲ, ಅಡಾಪ್ಟರ್ ಬೇಕು. ಇಟಲಿಯಲ್ಲಿ ಪಿಜ್ಜಾ ಮರಿನಾರಾ ಅಂತ ಕೇಳಿ, ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ, ಚೀಸ್ ಇರುವುದಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ನಿಮ್ಮಂಥ ಮನೆಯವರಿಗೆ ಅದು ಗೊತ್ತಿರಬೇಕು. ಪಾಸ್ತಾ ಮೇಲೆ ಉದುರಿಸುವುದು ಸಾಮಾನ್ಯವಾಗಿ ಅಂಥದ್ದೇ ಚೀಸ್, ಬೇಡ ಅಂತ ಮೊದಲೇ ಹೇಳಿ.

ರೈಲಿನಲ್ಲಿ ಬುತ್ತಿ ಬಿಚ್ಚಿ ತಿನ್ನಲು ಯಾವ ಅಡ್ಡಿಯೂ ಇಲ್ಲ, ಅಲ್ಲಿನವರೂ ಮನೆಯಿಂದ ಬ್ರೆಡ್ ಕಟ್ಟಿಕೊಂಡು ಬಂದಿರುತ್ತಾರೆ. ಭಾನುವಾರ ಸ್ವಿಟ್ಜರ್ಲೆಂಡ್‌ನಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಿ. ಮರೆತರೆ ದೊಡ್ಡ ಸ್ಟೇಷನ್‌ಗಳ ಒಳಗಿನ ಅಂಗಡಿ ಭಾನುವಾರವೂ ತೆರೆದಿರುತ್ತದೆ.